ಎತ್ತಿಟ್ಟ ಗುಳಿಗೆ

ಪ್ರಶ್ನೆ: ಅಕ್ಕಾವರೆ, ಅವ್ವನಿಗೆ ಬಾಯಿ ಕ್ಯಾನ್ಸರ್. ರೇಡಿಯೇಷನ್ ಆದ ಮೇಲೂ ಗಂಟು ಮತ್ತೆ ಬಂದಿದೆ. ಇನ್ನು ಗುಣವಾಗುವಂಥದ್ದಲ್ಲ ಎಂದು ಮಾರ್ಫಿನ್ ಗುಳಿಗೆ ಬರೆದುಕೊಟ್ಟು ಮನೆಗೆ ಕಳಿಸಿದ್ದಾರೆ. ಕಾಕಾ "ಅದು ಅಫೀಮು, ಚಟ ಹತ್ತುತ್ತದೆ" ಎಂದು ಎತ್ತಿಟ್ಟಿದ್ದಾರೆ. ರಾತ್ರಿಯೆಲ್ಲ ನರಳುತ್ತಾಳೆ, ಊಟ ಬೇಡ ಎನ್ನುತ್ತಾಳೆ. ಹಾಸ್ಪಿಸ್‌ಗೆ ಸೇರಿಸಿದರೆ ಊರವರು ಏನಂದಾರು?
- ಓದುಗರು, ಗದಗ

ಉತ್ತರ: ತಂಗಿ, ಊರವರ ಮಾತು ಆಮೇಲೆ. ಮೊದಲು ಆ ಗುಳಿಗೆ ಕೆಳಗಿಳಿಸು.

ಹುಬ್ಬಳ್ಳಿಯಲ್ಲಿ ನರ್ಸ್ ಆಗಿ ಬಹಳ ವರ್ಷ ದುಡಿದವಳು ನಾನು. ಇಂಥ ನೋವಿಗೆ ಮಾರ್ಫಿನ್ ತಗೊಂಡು ಚಟ ಹತ್ತಿಸಿಕೊಂಡವರನ್ನು ಕಾಣೆ. ಗುಳಿಗೆ ಸಿಗದೆ ಗೋಡೆಗೆ ತಲೆ ಒತ್ತಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ನೋವು ಬಂದಾಗ ಕೊಟ್ಟರಾಯಿತು ಅನ್ನಬೇಡ, ಡಾಕ್ಟರ್ ಬರೆದ ಹೊತ್ತಿಗೆ ಸರಿಯಾಗಿ ಕೊಡು. ಮೊದಲೆರಡು ದಿನ ಮಂಪರು ಇರಬಹುದು. ಮಲಬದ್ಧತೆಯಂತೂ ಆಗಿಯೇ ಆಗುತ್ತದೆ, ಅದಕ್ಕೂ ಔಷಧಿ ಅವತ್ತೇ ಶುರು ಮಾಡಬೇಕು. ನುಂಗಲಾಗದಿದ್ದರೆ ಕೇಳದೆ ಪುಡಿ ಮಾಡಬೇಡ, ಕೆಲವು ಗುಳಿಗೆ ಹಾಗೆ ಮಾಡಬಾರದು. 2014ರಲ್ಲಿ ಮಾದಕ ವಸ್ತುಗಳ ಕಾನೂನು ಸಡಿಲವಾದರೂ ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಲ್ಲೂ ಸಿಗುವುದಿಲ್ಲ. ಮುಗಿಯುವ ಮುಂಚೆಯೇ ತರಿಸು.

ಊಟದ್ದು ಹೇಳ್ತೀನಿ. ಬೇಡ ಅಂದರೆ ಬಿಡು. ಗಂಜಿಯನ್ನು ಬಾಯಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಅದ್ದಿ, ವಸಡು, ನಾಲಿಗೆ ಮೆಲ್ಲಗೆ ಒರೆಸು. ತುಟಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ. ಗಾಯ ನಾರುತ್ತಿದ್ದರೆ ಮುಚ್ಚಿಡಬೇಡ, ಡಾಕ್ಟರಿಗೆ ಹೇಳು. ಮೆಟ್ರೊನಿಡಜೋಲ್ ಗುಳಿಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುವ ಪದ್ಧತಿ ಇದೆ. ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಹತ್ತಿರ ಬರದೇ ಇರೋದು ಈ ವಾಸನೆಗೇ. ಮುದುಕಿಗೆ ಅದು ಗೊತ್ತಾಗಲ್ಲ ಅಂದುಕೊಂಡಿರ್ತೀವಿ.

ಇನ್ನು ಹಾಸ್ಪಿಸ್. ಸಾಯಲು ಬಿಟ್ಟುಬರುವ ಜಾಗ ಅಲ್ಲ ಅದು. ರೋಗ ಗುಣವಾಗದಿದ್ದರೂ ನೋವು, ಗಾಯ, ಉಬ್ಬಸ ನೋಡಿಕೊಳ್ಳುವವರು ಅಲ್ಲಿರುತ್ತಾರೆ. ಭಾರತದಲ್ಲಿ ಇದು 1986ರಲ್ಲಿ ಮುಂಬೈನ ಶಾಂತಿ ಅವೇದನಾ ಸದನದಿಂದ ಶುರುವಾಯಿತು. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಕ್ಯಾನ್ಸರ್ ರೋಗಿಗಳಿಂದ ದುಡ್ಡು ತಗೊಳ್ಳೋದಿಲ್ಲ. ಆದರೆ ಗದಗಿನಿಂದ ಅಷ್ಟು ದೂರ ಅವ್ವನನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗುವ ಮೊದಲು, ರೇಡಿಯೇಷನ್ ಕೊಟ್ಟ ಆಸ್ಪತ್ರೆಯಲ್ಲೇ "ಪ್ಯಾಲಿಯೇಟಿವ್ ಕೇರ್ ಯಾರು ನೋಡ್ತಾರೆ?" ಅಂತ ಕೇಳು, ಅಂದರೆ ನೋವು ತಗ್ಗಿಸುವ ಆರೈಕೆ. ನೋವು ಹತೋಟಿಗೆ ಬಂದರೆ ಮನೆಯಲ್ಲೇ ಸಾಕಾಗಬಹುದು. ಬರದಿದ್ದರೆ ಸೇರಿಸು, ಅದರಲ್ಲಿ ತಪ್ಪೇನಿಲ್ಲ. ಎಲ್ಲಿರಬೇಕು ಅಂತ ಅವ್ವನನ್ನೂ ಒಂದು ಮಾತು ಕೇಳು, ಅಲ್ವಾ?

ನೀನೂ ನಿದ್ದೆಗೆಟ್ಟಿರ್ತೀ. ವಾರದಲ್ಲಿ ಎರಡು ರಾತ್ರಿ ಅವ್ವನ ಹತ್ತಿರ ಕಾಕಾ ಮಲಗಲಿ. ಗುಳಿಗೆ ವಿಷಯಕ್ಕೂ ಅದರಿಂದ ಅನುಕೂಲ ಆದೀತು.