ಎದೆಯೊಳಗಿನ ಬೆಂಕಿ: ಅಜ್ಜಿ ಸುಮ್ನೆ ಹೇಳುತ್ತಿಲ್ಲ

ಲಾಸ್ ಏಂಜಲೀಸಿನಲ್ಲಿ ನಿಮ್ಮ ಪಕ್ಕದ ಮನೆಯ ಕೊರಿಯನ್ ಅಜ್ಜಿ ಎದೆ ಒತ್ತುತ್ತೆ, ಒಳಗೆ ಬೆಂಕಿ ಅನ್ನುತ್ತಾರೆ, ಇಸಿಜಿಯಲ್ಲಿ ಏನೂ ಇಲ್ಲ, ಇದು ಬರೀ ಭ್ರಮೆಯಾ ಅಂತ ಕೇಳಿದ್ದೀರಿ. ಅಲ್ಲ. ಕೊರಿಯನ್ನರಲ್ಲಿ ಇದಕ್ಕೆ ಹೆಸರೇ ಇದೆ, ಹ್ವಾಬ್ಯಂಗ್. ಹ್ವಾ ಅಂದರೆ ಬೆಂಕಿ, ಸಿಟ್ಟೂ ಹೌದು. ಬ್ಯಂಗ್ ಅಂದರೆ ಕಾಯಿಲೆ. ವರ್ಷಗಟ್ಟಲೆ ನುಂಗಿಕೊಂಡ ಸಿಟ್ಟು ಮೈಗೆ ಬರುತ್ತೆ: ಎದೆ ಬಿಗಿತ, ಮುಖಕ್ಕೆ ಝಳ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ನಿದ್ದೆ ಇಲ್ಲ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿ. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಸೇರಿತು. ನಾವೂ ಸಂಕಟಕ್ಕೆ ಹೊಟ್ಟೆ ಉರಿಯುತ್ತೆ ಅಂತೀವಿ, ಅಲ್ವಾ?

ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಎಷ್ಟೋ ಅಜ್ಜಿಯರ ಪಾಡು ಒಂದೇ. ಮಕ್ಕಳು ದೊಡ್ಡವರಾದರು, ಇಂಗ್ಲಿಷ್ ಬಾರದು, ಕಾರು ಓಡಿಸಲು ಬಾರದು. ಭಾನುವಾರದ ಕೊರಿಯನ್ ಚರ್ಚೇ ಊರು.

"ಡಿಪ್ರೆಷನ್ ಇದೆಯಾ" ಅಂತ ಕೇಳಬೇಡಿ, ಇಲ್ಲ ಅಂದುಬಿಡುತ್ತಾರೆ. ನಿದ್ದೆ ಬಂತಾ, ಊಟ ಸೇರುತ್ತಾ ಅಂತ ಕೇಳಿ. ಡಾಕ್ಟರ ಹತ್ತಿರ ಮೊಮ್ಮಗನನ್ನು ದುಭಾಷಿ ಮಾಡಬೇಡಿ. ಅವನೆದುರು ಸೊಸೆಯ ಮಾತು ಆಡುತ್ತಾರಾ? ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಕೊರಿಯನ್ ದುಭಾಷಿಯನ್ನು ಉಚಿತವಾಗಿ ಕೊಡಲೇಬೇಕು, ಮೊದಲೇ ಕೇಳಿ.

ಬಿಪಿ ಇದ್ದರೆ ಕಿಮ್ಚಿ (ಅವರ ಉಪ್ಪುಖಾರದ ಎಲೆಕೋಸಿನ ಉಪ್ಪಿನಕಾಯಿ) ಬಿಡಿಸಲು ಹೋಗಬೇಡಿ, ಆಗುವ ಮಾತಲ್ಲ. ದೋಯೆಂಜಾಂಗ್ (ಹುದುಗಿಸಿದ ಸೋಯಾ ಹಿಟ್ಟು) ಸಾರಿನ ನೀರು ಕಡಿಮೆ ಕುಡಿದರೆ ಅಷ್ಟು ಉಪ್ಪು ಮೈಗೆ ಸೇರೋದು ತಪ್ಪುತ್ತೆ. ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ಸೋಂಕು) ಪರೀಕ್ಷೆ ಒಮ್ಮೆ ಮಾಡಿಸಲಿ, ಕೊರಿಯಾದಲ್ಲಿ ಹುಟ್ಟಿದ ಹಿರಿಯರಲ್ಲಿ ಅದು ಜಾಸ್ತಿ. ಆದರೆ ಎದೆನೋವಿನ ಜೊತೆ ಬೆವರು, ಉಬ್ಬಸ ಬಂದರೆ ಹ್ವಾಬ್ಯಂಗ್ ಅಂತ ಕೂರಬೇಡಿ, ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.