ಹಿಂಜರಿತ ಬಂದರೆ ತೈಲ ಮಾರುವವರ ಗತಿ

ಆರ್ಥಿಕ ಹಿಂಜರಿತ ಬಂದರೆ ಕಚ್ಚಾ ತೈಲದ ಬೆಲೆ ಎಷ್ಟು ಬೀಳಬಹುದು, ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿರುವ ತಮ್ಮನ ಕೆಲಸಕ್ಕೆ ತೊಂದರೆಯಾ ಎಂದು ಕೇಳಿದ್ದೀರಿ. ಇಷ್ಟೇ ಬೀಳುತ್ತದೆ ಅಂತ ಯಾರೂ ಹೇಳಲಾರರು. ಆದರೆ ಬಿದ್ದರೆ ಬಹಳ ಬೇಗ ಬೀಳುತ್ತದೆ. 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ್ದು ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗಿಳಿಯಿತು. ಬೇಡಿಕೆ ತಗ್ಗಿತೆಂದು ಬಾವಿಯನ್ನು ನಲ್ಲಿಯ ಹಾಗೆ ತಟ್ಟನೆ ನಿಲ್ಲಿಸಲು ಆಗುವುದಿಲ್ಲ. ಹೊರಬಂದ ಎಣ್ಣೆಯನ್ನು ಎಲ್ಲಾದರೂ ತುಂಬಿಡಬೇಕು ಅಲ್ವಾ? 2020ರ ಏಪ್ರಿಲ್ 20ರಂದು ಅಮೆರಿಕದ ತೈಲ ಸಂಗ್ರಹದ ಊರಾದ ಕುಶಿಂಗ್‌ನಲ್ಲಿ ತುಂಬಿಡಲು ಜಾಗ ಸಿಗದೆ, ಮೇ ತಿಂಗಳ ವಾಯಿದೆ ಬೆಲೆ (ಮೇನಲ್ಲಿ ಕೊಡಬೇಕಾದ ಎಣ್ಣೆಗೆ ಮೊದಲೇ ಕುದುರಿಸುವ ಬೆಲೆ) ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು, ಅಂದರೆ ಮಾರುವವರೇ ಕೊಳ್ಳುವವರಿಗೆ ದುಡ್ಡು ಕೊಡಬೇಕಾಯಿತು. ತೈಲ ಮಾರುವ ದೇಶಗಳ ಕೂಟವಾದ ಒಪೆಕ್ ಮತ್ತು ರಷ್ಯಾದಂಥ ಅದರ ಜೊತೆಗಾರರು (ಒಪೆಕ್ ಪ್ಲಸ್) ಉತ್ಪಾದನೆಯಲ್ಲಿ ದಿನಕ್ಕೆ 97 ಲಕ್ಷ ಬ್ಯಾರೆಲ್ ಕಡಿತಕ್ಕೆ ಒಪ್ಪಿ ಆಗಷ್ಟೇ ಒಂದು ವಾರವಾಗಿತ್ತು.

ಏಟು ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ. ಅಮೆರಿಕದ ಶೇಲ್ ಬಾವಿಗಳ (ಗಟ್ಟಿ ಬಂಡೆಯನ್ನು ಒಡೆದು ಎಣ್ಣೆ ತೆಗೆಯುವ ಬಾವಿಗಳ) ಇಳುವರಿ ಮೊದಲ ವರ್ಷದಲ್ಲೇ ಜೋರಾಗಿ ಇಳಿಯುತ್ತದೆ. ಸಾಲ ಮಾಡಿಯಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು. 2020ರಲ್ಲಿ ಚೆಸಪೀಕ್‌ನಂಥ ದೊಡ್ಡ ಶೇಲ್ ಕಂಪನಿಯೂ ದಿವಾಳಿ ಅರ್ಜಿ ಹಾಕಿತು. ಸೌದಿಗೆ ಎಣ್ಣೆ ತೆಗೆಯುವ ಖರ್ಚು ತುಂಬಾ ಕಮ್ಮಿ. ಆದರೆ ಸರ್ಕಾರದ ಬೊಕ್ಕಸಕ್ಕೆ ಎಣ್ಣೆಯ ಹಣವೇ ಆಧಾರ. ಆ ಹಣ ತಗ್ಗಿದ್ದರಿಂದ 2020ರಲ್ಲಿ ಅಲ್ಲಿ ವ್ಯಾಟ್ ಶೇ. 5ರಿಂದ 15ಕ್ಕೆ ಏರಿತು.

ಹಾಗಾಗಿ ತಮ್ಮನ ಕೆಲಸ ಎಂಥದ್ದು ಅನ್ನುವುದು ಮುಖ್ಯ. ನಡೆಯುತ್ತಿರುವ ಬಾವಿ, ರಿಫೈನರಿ ನೋಡಿಕೊಳ್ಳುವ ಕೆಲಸವಾದರೆ ನನಗೆ ಅಷ್ಟು ಭಯವಿಲ್ಲ. ಹೊಸ ಯೋಜನೆಯ ಗುತ್ತಿಗೆಯಾದರೆ ಸುಮ್ನೆ ಕೂರಬೇಡಿ, ಮೊದಲು ನಿಲ್ಲುವುದು ಅಂಥವೇ. ಆರು ತಿಂಗಳ ಮನೆಖರ್ಚಿನಷ್ಟು ಹಣ ಈಗಲೇ ಕೂಡಿಡಲು ಅವನಿಗೆ ಹೇಳಿ.