ಕರುಳಿನ ಪಕ್ಕ ಕೀವುಗಡ್ಡೆ: ಮೊದಲು ಪೈಪೋ, ಆಪರೇಷನ್ನೋ?

ಅಮ್ಮನಿಗೆ ಡೈವರ್ಟಿಕ್ಯುಲೈಟಿಸ್ (ದೊಡ್ಡ ಕರುಳಿನ ಗೋಡೆಯ ಉಬ್ಬುಗಳ ಬಾವು) ಆಗಿ 5 ಸೆಂಟಿಮೀಟರಿನ ಕೀವುಗಡ್ಡೆ ಕಟ್ಟಿದೆ, ಡಾಕ್ಟರು ಕೀವು ಹೊರಗೆ ಹರಿಸೋಕೆ ಪೈಪ್ ಹಾಕ್ತೀವಿ ಅಂತಾರೆ, ಒಂದೇ ಸಲ ಆಪರೇಷನ್ ಮಾಡಿಸಿಬಿಡೋದು ಒಳ್ಳೇದಲ್ವಾ ಅಂತ ಕೇಳಿದ್ದೀರಿ. ಇಲ್ಲಿ ಕಲಬುರಗಿಯಲ್ಲಿ ನಮ್ಮ ಕಾಕಾಗೆ ಇದೇ ಆದಾಗ ಮನೆಮಂದಿಯೆಲ್ಲ ಹೀಗೇ ಅಂದಿದ್ದರು. ನಾನು ಡಾಕ್ಟರಲ್ಲ, ಆಸ್ಪತ್ರೆಯಲ್ಲಿ ಅವರ ಜೊತೆ ಇದ್ದವನು. ಅಮ್ಮನ ಬಿಪಿ, ನಾಡಿ ಸರಿಯಾಗಿದ್ದರೆ ಪೈಪ್‌ಗೆ ಒಪ್ಪಿಕೊಳ್ಳಿ ಅಂತಲೇ ಹೇಳುತ್ತೇನೆ.

ದೊಡ್ಡ ಕರುಳಿನ ಗೋಡೆಯ ಸಣ್ಣ ಉಬ್ಬೊಂದು ಬಾತು, ತೂತಾಗಿ, ಪಕ್ಕದಲ್ಲಿ ಕೀವು ನಿಲ್ಲುತ್ತದೆ. 3 ಸೆಂಟಿಮೀಟರ್ ಒಳಗಿನದು ಬಹಳ ಸಲ ಆಂಟಿಬಯೋಟಿಕ್‌ಗೇ ಇಳಿಯುತ್ತದೆ. ದೊಡ್ಡದಕ್ಕೆ ಸಾಮಾನ್ಯವಾಗಿ ಪೈಪ್. ಸೋಂಕು ಜೋರಾಗಿದ್ದಾಗಲೇ ಹೊಟ್ಟೆ ತೆರೆದರೆ ಬಾತ ಕರುಳಿಗೆ ಹೊಲಿಗೆ ಕೂರುವುದು ಕಷ್ಟ. ಆಗ ಎಷ್ಟೋ ಸಲ ಹಾರ್ಟ್‌ಮನ್ ಆಪರೇಷನ್ನೇ ಗತಿ. ಫ್ರಾನ್ಸಿನ ಸರ್ಜನ್ ಹಾರ್ಟ್‌ಮನ್ 1921ರಲ್ಲಿ ಕ್ಯಾನ್ಸರ್‌ಗೆಂದು ಹೇಳಿಕೊಟ್ಟ ವಿಧಾನ ಅದು. ಕೆಟ್ಟ ಭಾಗ ತೆಗೆದು, ಕರುಳಿನ ಮೇಲ್ತುದಿಯನ್ನು ಹೊಟ್ಟೆಯ ಹೊರಗೆ ತಂದು, ಮಲ ಬೀಳಲು ಬ್ಯಾಗ್ ಕಟ್ಟುತ್ತಾರೆ. ಮತ್ತೆ ಜೋಡಿಸಲು ಕೆಲವು ತಿಂಗಳಾದ ಮೇಲೆ ಇನ್ನೊಂದು ದೊಡ್ಡ ಆಪರೇಷನ್. ವಯಸ್ಸಾದ ಎಷ್ಟೋ ಜನರಿಗೆ ಅದು ಆಗುವುದೇ ಇಲ್ಲ. ಕೀವು ಮೊದಲೇ ಹೊರಬಿದ್ದರೆ, ಮುಂದೆ ಆಪರೇಷನ್ ಬೇಕಾದರೂ ಕರುಳನ್ನು ಅಲ್ಲೇ ಜೋಡಿಸುವ ಅವಕಾಶ ಜಾಸ್ತಿ.

ಆದರೆ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ, ಬಿಪಿ ಇಳಿದು, ಕೀವು ಒಳಗೆಲ್ಲ ಹರಡಿದ್ದರೆ ಈ ಮಾತು ಬೇರೆ. ಆಗ ಸುಮ್ನೆ ವಾದ ಮಾಡದೆ ಆಪರೇಷನ್‌ಗೆ ಸಹಿ ಹಾಕಿ.

ಪೈಪ್ ಹಾಕುವುದಕ್ಕೆ ಸಾಮಾನ್ಯವಾಗಿ ಆ ಜಾಗ ಮರಗಟ್ಟಿಸಿದರೆ ಸಾಕು. ಜಾರದಿರಲೆಂದು ಒಳಗೆ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ನಿಜವಾದ ಕೆಲಸ ಶುರುವಾಗುವುದು ಮನೆಗೆ ಬಂದ ಮೇಲೆ. ನರ್ಸ್ ತೋರಿಸಿದ ಹಾಗೆ ಸಿರಿಂಜಿನಲ್ಲಿ 5ರಿಂದ 10 ಎಂಎಲ್ ಸಲೈನ್ ಬಿಟ್ಟು ಪೈಪ್ ತೊಳೆಯಬೇಕು. ಪೈಪಿನ ಕೀವು ಬೀಳುವ ಬ್ಯಾಗ್ ಸೊಂಟಕ್ಕಿಂತ ಕೆಳಗಿರಬೇಕು. ದಿನಾ ಎಷ್ಟು ಬಂತು, ಯಾವ ಬಣ್ಣ ಅನ್ನುವುದನ್ನು ನಮ್ಮ ಕಾಕು ಗೋಡೆ ಕ್ಯಾಲೆಂಡರಿನ ತಾರೀಖಿನ ಮನೆಯೊಳಗೇ ಬರೆದಿಡುತ್ತಿದ್ದರು. ಡಾಕ್ಟರು ಅದನ್ನೇ ನೋಡಿ ಮುಂದಿನದು ಹೇಳುತ್ತಿದ್ದರು. ನಮ್ಮ ಬಿಸಿಲಿಗೆ ಬೆವೆತು ಪಟ್ಟಿ ಕಿತ್ತು ಬರುತ್ತದೆ, ಜಾಸ್ತಿ ತಂದಿಟ್ಟುಕೊಳ್ಳಿ. ದಿನಕ್ಕೆ 10-20 ಎಂಎಲ್‌ಗಿಂತ ಕಡಿಮೆಯಾಗಿ, ಜ್ವರವೂ ಹೋದ ಮೇಲೆ ಪೈಪ್ ತೆಗೆಯುತ್ತಾರೆ. ಹರಿಯುತ್ತಿದ್ದದ್ದು ದಿಢೀರ್ ನಿಂತರೆ, ಜ್ವರ ಮರಳಿದರೆ, ಇಲ್ಲಾ ಪೈಪಿನಲ್ಲಿ ಮಲದಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಗುಣವಾದ ಮೇಲೆ, ಸುಮಾರು 6ರಿಂದ 8 ವಾರಕ್ಕೆ ಕೊಲೊನೋಸ್ಕೋಪಿ (ಕ್ಯಾಮೆರಾ ಬಿಟ್ಟು ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಲೇಬೇಕು. ಕ್ಯಾನ್ಸರ್ ಕೂಡ ಹೀಗೇ ವೇಷ ಹಾಕಿಕೊಂಡು ಬರಬಹುದು. ಕರುಳು ಕತ್ತರಿಸಬೇಕೇ ಅನ್ನುವ ಪ್ರಶ್ನೆ ಅದಾದ ಮೇಲಿನದು, ಎಲ್ಲರಿಗೂ ಬೇಕಾಗುವುದಿಲ್ಲ.

ಊಟದ ಬಗ್ಗೆ ನೆಂಟರು ಹೆದರಿಸುತ್ತಾರೆ. ಮೊದಮೊದಲು ಗಂಜಿ ಸರಿ. ಆಮೇಲೆ ಜೋಳದ ರೊಟ್ಟಿ, ಪಲ್ಯ ನಿಧಾನವಾಗಿ ಶುರುಮಾಡಬಹುದು, ನಾರು ಒಳ್ಳೆಯದೇ. ಬೀಜ, ಶೇಂಗಾ ತಿಂದರೆ ಈ ರೋಗ ಬರುತ್ತದೆ ಅನ್ನುವುದಕ್ಕೆ 2008ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಆಧಾರ ಸಿಗಲಿಲ್ಲ. ಕಾಕಾಗೆ ಶೇಂಗಾ ಹಿಂಡಿ (ಚಟ್ನಿಪುಡಿ) ವಾಪಸ್ ಸಿಕ್ಕಿದ್ದು ಹಾಗೆ.

ಸೊಲ್ಲಾಪುರಕ್ಕೋ ಹೈದರಾಬಾದಿಗೋ ಗಾಡಿ ಮಾಡುವ ಮುಂಚೆ, ಸ್ಕ್ಯಾನ್ ನೋಡಿಕೊಂಡು ಪೈಪ್ ಹಾಕುವ ರೇಡಿಯಾಲಜಿಸ್ಟ್ ಇಲ್ಲೇ ಸಿಗುತ್ತಾರಾ ಅಂತ ಸರ್ಜನ್ನರನ್ನು ಇವತ್ತೇ ಕೇಳಿ.